ತಿಂಗಳ ಲೆಕ್ಕದಲ್ಲಿ ಬರುವ ನರಬೇನೆ

ನನ್ನ ಬಾಲ್ಯದಲ್ಲಿ ನಮ್ಮ ತಾಯಿಯವರು ತಿಂಗಳಿಗೆ ಎರಡು ದಿನ ಕತ್ತಲೆಕೋಣೆಯಲ್ಲಿ ಮಲಗಿಬಿಡುತ್ತಿದ್ದರು. ಹಣೆಗೆ ನೀಲಗಿರಿ ಎಣ್ಣೆ ಸವರಿ ಬಟ್ಟೆ ಬಿಗಿದಿರುತ್ತಿದ್ದರು. ಬೆಳಕು ಬೇಡ, ಒಗ್ಗರಣೆಯ ವಾಸನೆ ಬೇಡ, ನಮ್ಮ ಮಾತೂ ಬೇಡ. "ಕೆಲಸ ತಪ್ಪಿಸಿಕೊಳ್ಳಲು ಒಂದು ನೆವ" ಎಂದು ಅಜ್ಜಿ ಗೊಣಗುತ್ತಿದ್ದರು. ಗೂಡಲೂರಿನ ಮಳೆಗಾಳಿಯ ದೋಷವೆಂದು ತಂದೆಯವರು ಹೇಳುತ್ತಿದ್ದರು. ಬೇಸಿಗೆಯಲ್ಲಿಯೂ ಅದು ತಪ್ಪದೆ ಬರುತ್ತಿತ್ತೆಂಬುದನ್ನು ಯಾರೂ ಗಮನಿಸಲಿಲ್ಲ.

ಅದು ಅರೆತಲೆನೋವು, ಅಂದರೆ ಮೈಗ್ರೇನ್. ಕನ್ನಡ ಪಾಠ ಹೇಳುವವರಿಗೆ ಈ ವಿಷಯವೇಕೆ ಎಂದು ವಿಜ್ಞಾನದ ಅಧ್ಯಾಪಕರು ನಗಬಹುದು, ನಗಲಿ.

ನಮ್ಮ ದೇಹದ ನಿರ್ನಾಳ ಗ್ರಂಥಿಗಳು ಹಾರ್ಮೋನುಗಳೆಂಬ ರಸಗಳನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್, ಟೆಸ್ಟೊಸ್ಟೆರಾನ್ ಎಂಬ ಲಿಂಗ ಹಾರ್ಮೋನುಗಳು ಮಕ್ಕಳನ್ನು ಹೆರುವುದಕ್ಕಷ್ಟೇ ಬೇಕಾದವು ಎಂದು ಅನೇಕರು ತಿಳಿದಿದ್ದಾರೆ. ಆದರೆ ಅವು ಮಿದುಳನ್ನೂ ತಲಪಿ ನರಕೋಶಗಳ ಕೆಲಸವನ್ನು ಹೆಚ್ಚುಕಡಿಮೆ ಮಾಡುತ್ತವೆ. ಹರೆಯಕ್ಕೆ ಮುಂಚೆ ಮೈಗ್ರೇನ್ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮಾನ. ಅನಂತರ ಹೆಂಗಸರಲ್ಲಿ ಎರಡು ಮೂರು ಪಟ್ಟಾಗುತ್ತದೆ. ಮುಟ್ಟಿಗೆ ಮುನ್ನ ರಕ್ತದ ಈಸ್ಟ್ರೋಜೆನ್ ಥಟ್ಟನೆ ಇಳಿಯುವುದೇ ಇದಕ್ಕೆ ಮುಖ್ಯ ಪ್ರಚೋದನೆ. ಉದಕಮಂಡಲದಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿ ಇಳಿಯುವಾಗ ಹೊಟ್ಟೆ ತೊಳಸುವುದು ಬೆಟ್ಟದ ಎತ್ತರದಿಂದಲ್ಲ, ಇಳಿತದಿಂದ, ತಿರುವುಗಳಿಂದ. ಇದೂ ಹಾಗೆಯೇ.

ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ 2,329 ವಯಸ್ಕರನ್ನು ವಿಚಾರಿಸಿ, ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ವರದಿ ಪ್ರಕಟಿಸಿದರು. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಹಳ್ಳಿಯವರಿಗೆ ತಲೆನೋವೆಲ್ಲಿಯದು ಎನ್ನುವವರು ಇದನ್ನು ಗಮನಿಸಬೇಕು.

ಮೂರ್ಛೆರೋಗದ ಸಂಗತಿ ಇನ್ನೂ ಗಂಭೀರವಾದುದು. ಈಸ್ಟ್ರೋಜೆನ್ ಸಾಮಾನ್ಯವಾಗಿ ನರಕೋಶಗಳನ್ನು ಕೆರಳಿಸುತ್ತದೆ. ಪ್ರೊಜೆಸ್ಟೆರಾನಿನಿಂದ ಹುಟ್ಟುವ ಒಂದು ವಸ್ತು ಅವನ್ನು ಶಾಂತಗೊಳಿಸುತ್ತದೆ. ಮುಟ್ಟಿನ ಹೊತ್ತಿಗೆ ಈ ಎರಡನೆಯದು ಕುಸಿಯುವುದರಿಂದ ಕೆಲವರಿಗೆ ಆ ದಿನಗಳಲ್ಲೇ ಮೂರ್ಛೆ ಹೆಚ್ಚು. ರೋಗವಿರುವ ಹೆಂಗಸರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಇಂಥ ಲೆಕ್ಕ ಕಾಣುತ್ತದೆ. ನಮ್ಮ ಕಡೆ ಇದನ್ನೇ ಗಾಳಿ ಸೋಕಿದ್ದೆಂದು ತಿಳಿದು ತಾಯಿತ ಕಟ್ಟಿಸಿ, ಹುಡುಗಿಯ ಶಾಲೆ ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಪ್ರೊಜೆಸ್ಟೆರಾನ್ ಕೊಟ್ಟರೆ ಸಾಲದೆ? ಅಮೆರಿಕದಲ್ಲಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಗುಣ ಕಾಣಲಿಲ್ಲ. ಮುಟ್ಟಿನ ದಿನಗಳಲ್ಲೇ ಮೂರ್ಛೆ ಬಹಳ ಹೆಚ್ಚುತ್ತಿದ್ದವರಿಗೆ ಮಾತ್ರ ಕೊಂಚ ಪ್ರಯೋಜನವಾಯಿತು. ಹಾರ್ಮೋನು ರೋಗದ ಬೇರಲ್ಲ, ಬೇರೆಡೆ ಇರುವ ಬೆಂಕಿಗೆ ಬೀಸುವ ಗಾಳಿ. ಗಂಡು ಹೆಣ್ಣಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಂಡಲ್ಲೆಲ್ಲ ಅದನ್ನೇ ದೂರಬಾರದು. ಮೈಸೂರು ಸೀಮೆಯಲ್ಲಿ ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ಗಂಡಸರಲ್ಲೇ ಹೆಚ್ಚು. ಅಲ್ಲಿ ಕೆರಳಿಸುವುದು ನೀರಿನ ಬಿಸಿ.

ತಾಯಿಯವರಿಗೆ ಮುಟ್ಟು ನಿಂತ ಮೇಲೆ ನೋವು ತಾನಾಗಿ ಕಡಿಮೆಯಾಯಿತು. ಈಗಿನವರು ಅಷ್ಟು ಕಾಲ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ನೋವೋ ಮೂರ್ಛೆಯೋ ಇದ್ದರೆ ಮೂರು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬೇನೆಯ ದಿನಕ್ಕೊಂದು, ಮುಟ್ಟಿನ ದಿನಕ್ಕೊಂದು ಗುರುತು ಹಾಕಿಸಿ, ಆ ಹಾಳೆಗಳನ್ನೇ ವೈದ್ಯರಿಗೆ ತೋರಿಸಿ. ಮೂರ್ಛೆಯ ಮಾತ್ರೆಗಳನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಮೂರ್ಛೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು.