1957ರ ಜಯನಗರ, ಮೂರಾಣೆ ಹೂವು

ಕಾದಂಬರಿಯ ಕರಡು ಮುಗೀತು ಅಂದ್ಕೊಳ್ಳಿ. ಕತೆ 1957ರ ಜಯನಗರದ್ದು. 1948ರಲ್ಲಿ ಶಂಕುಸ್ಥಾಪನೆ ಆದ ಬಡಾವಣೆ, ಆಗಿನ್ನೂ ಹೊಸದು. ಈಗ ತಿದ್ದೋ ಕೆಲಸ.

ನಾಯಕಿಯ ಅಣ್ಣ ಜೆ.ಪಿ. ನಗರದಲ್ಲಿ ಸೈಟು ನೋಡ್ತಾನೆ. ಆ ಹೆಸರಿನ ಬಡಾವಣೆ ಆಗೆಲ್ಲಿತ್ತು? ಅಳಿಸಿ. ಅಪ್ಪ ಕರ್ನಾಟಕ ಸರ್ಕಾರದ ಗುಮಾಸ್ತ. 1973ರ ನವೆಂಬರ್‌ವರೆಗೂ ನಮ್ಮದು ಮೈಸೂರು ರಾಜ್ಯ. ತಿದ್ದಿ.

ಅಜ್ಜಿ ಮೂರಾಣೆಗೆ ಹೂವು ಕೊಳ್ತಾಳೆ. ಇಲ್ಲಿ ಸ್ವಲ್ಪ ನಿಲ್ಲಿ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು: ರೂಪಾಯಿಗೆ 100 ನಯಾಪೈಸೆ. ಹದಿನಾರಾಣೆಗೆ ನೂರು ಸರಿಯಾಗಿ ಹಂಚಿಹೋಗಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ ಮಾತ್ರ 19! "ಮೂರಾರ್ಲ ಹದಿನೆಂಟಲ್ವೇನೇ?" ಅಂತ ಅಜ್ಜಿ. ಹೂವಿನವಳು ಬಿಡ್ತಾಳಾ? ತಾರೀಖು ತಾಳೆ ನೋಡೋಕೆ ಹೋದವರಿಗೆ ಒಳ್ಳೇ ಜಗಳವೇ ಸಿಕ್ತು.

ಹೀಗೆ ಬರೆದದ್ದಕ್ಕೇ ಮತ್ತೆ ಮರಳೋದು ಹೊಸದೇನಲ್ಲ. ಕಾದಂಬರಿಕಾರ ತ.ರಾ.ಸು. ನೋಡಿ. ಚಿತ್ರದುರ್ಗದ ಇತಿಹಾಸದ ಮೇಲೆ ಹಲವು ಕಾದಂಬರಿ ಬರೆದಾಗಿತ್ತು. ಆದರೂ ಮತ್ತೆ ಅದೇ ದುರ್ಗಕ್ಕೆ ಮರಳಿ 'ದುರ್ಗಾಸ್ತಮಾನ' ಬರೆದರು.

ಇದನ್ನೆಲ್ಲ ತಾಳೆ ನೋಡೋದು ಎಲ್ಲಿ ಅಂತೀರಾ? ಸರ್ಕಾರಿ ಕಡತಗಳಿಗೆ ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ. ದಿನನಿತ್ಯದ ಬದುಕಿಗೆ ಹಳೇ ಪತ್ರಿಕೆಗಳು. ನನ್ನ ಕೇಳಿದರೆ, ಸಂಪಾದಕೀಯಕ್ಕಿಂತ ಜಾಹೀರಾತಿನ ಪುಟವೇ ಹೆಚ್ಚು ಹೇಳುತ್ತೆ: ಸೀರೆ ಬೆಲೆ, ಮನೆ ಬಾಡಿಗೆ, ಯಾವ ಟಾಕೀಸಲ್ಲಿ ಯಾವ ಸಿನಿಮಾ.

ಸಿಕ್ಕಿದ್ದನ್ನೆಲ್ಲ ತುರುಕಬೇಡಿ, ಕಾದಂಬರಿ ಗೆಜೆಟಿಯರ್ ಆಗಿಬಿಡುತ್ತೆ. ಹುಡುಕೋಕೆ ಹೊರಡುವಾಗ ಕರಡಿನ ಅನುಮಾನಗಳನ್ನ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಇಲ್ಲದಿದ್ರೆ ಸಿನಿಮಾ ಜಾಹೀರಾತು ಓದ್ತಾ ಓದ್ತಾನೇ ಲೈಬ್ರರಿ ಬಾಗಿಲು ಹಾಕೋ ಹೊತ್ತಾಗುತ್ತೆ!