ಸಾವಿರ ವ್ಯಾಟಿನ ಕಾಯಿಲ್ ಯಾಕ ಸಾಲೂದಿಲ್ಲ?

ಆಷಾಢದ ಗಾಳಿ ನಮ್ಮ ಹುಬ್ಬಳ್ಳಿ-ಧಾರವಾಡಕ್ಕ ಹೊಸದೇನಲ್ಲ. ನೃಪತುಂಗ ಬೆಟ್ಟದ ಮ್ಯಾಲೆ ಛತ್ರಿ ಬಿಚ್ಚಿದವರನ್ನ ಕೇಳ್ರಿ. ಈ ಗಾಳಿ ನೋಡಿ ಸಣ್ಣದೊಂದು ಗಾಳಿಯಂತ್ರ ಮಾಡೋಣ ಅನ್ನುವವರು ಇದ್ದೇ ಇರ್ತಾರ. ರೆಕ್ಕೆ, ಆಯಸ್ಕಾಂತ, ತಂತಿ ಸುತ್ತೂದು ಎಲ್ಲಾ ಉತ್ಸಾಹದಿಂದ ನಡೀತದ. ಬ್ಯಾಟರಿ ತುಂಬಿದ ಮ್ಯಾಲೆ ಏನು ಅನ್ನೋ ಪ್ರಶ್ನೆ ಮಾತ್ರ ಕಡೀಗೆ ಉಳೀತದ.

ಸೋಲಾರ್ ಆದರೆ ಚಿಂತಿಲ್ಲ. ತಂತಿ ಬಿಚ್ಚಿಟ್ಟರೂ ಪ್ಯಾನೆಲ್ ಬಿಸಿಲಿಗೆ ಸುಮ್ಮನೆ ಕೂತಿರುತ್ತದೆ. ಗಾಳಿಯಂತ್ರ ಹಂಗಲ್ಲ. ಕರೆಂಟ್ ಹರಿಯುವವರೆಗೆ ಮಾತ್ರ ಆಲ್ಟರ್ನೇಟರ್ ರೆಕ್ಕೆಯನ್ನು ಹಿಡಿತದಲ್ಲಿಟ್ಟಿರುತ್ತದೆ. ಲೋಡ್ ತಪ್ಪಿತೋ, ರೆಕ್ಕೆ ಹುಚ್ಚೆದ್ದು ಸುತ್ತಿ ಮುರಿದು ಹಾರಬಹುದು. ತಪ್ಪಿಸದೆ ಬಿಟ್ಟರೆ ಬ್ಯಾಟರಿ ಕುದಿಯುತ್ತದೆ. ಗದಗದ ಕಡೆ ಕಪ್ಪತಗುಡ್ಡದಾಗ ನಿಂತ ದೊಡ್ಡ ಯಂತ್ರಗಳಿಗೆ ಗ್ರಿಡ್ ಇದೆ, ಬ್ರೇಕ್ ಇದೆ. ನಾವು ಕೈಯಾರೆ ಮಾಡಿದ್ದಕ್ಕೆ ಡಂಪ್ ಲೋಡ್ ಬೇಕು: ಬ್ಯಾಟರಿ ತುಂಬಿದಾಗ ಹೆಚ್ಚಿನ ಕರೆಂಟನ್ನು ಕಂಟ್ರೋಲರ್ ಒಂದು ರೆಸಿಸ್ಟರ್‌ಗೆ ತಿರುಗಿಸಿ ಶಾಖ ಮಾಡಿ ಕಳೆಯುತ್ತದೆ.

ಎಡವೋದು ಇಲ್ಲೇ. "ಯಂತ್ರ 500 ವ್ಯಾಟಿಂದು, ಹಾಸ್ಟೆಲ್‌ನ್ಯಾಗ ನೀರು ಕಾಸೋ ಕಾಯಿಲ್ 1000 ವ್ಯಾಟಿಂದು ಅದ, ಸಾಕಲ್ಲ?" ಸಾಲೂದಿಲ್ಲ. ಆ 1000 ವ್ಯಾಟ್ 230 ವೋಲ್ಟಿಗೆ ಬರೆದದ್ದು. ಅದರ ರೋಧ 230×230÷1000, ಸುಮಾರು 53 ಓಮ್. ಡಂಪ್ ಲೋಡ್ ಕಾಣೋದು ಬ್ಯಾಟರಿಯ ವೋಲ್ಟೇಜ್. 24 ವೋಲ್ಟಿನ ಬ್ಯಾಂಕ್ ತುಂಬಿದಾಗ 28.8 ಅಂತ ಹಿಡೀರಿ. 28.8×28.8÷53 ಮಾಡಿದರೆ 16 ವ್ಯಾಟ್ ಕೂಡ ಪೂರ್ತಿ ಬರೂದಿಲ್ಲ! ಮಿಕ್ಕ 484 ವ್ಯಾಟ್ ತುಂಬಿದ ಬ್ಯಾಟರಿಗೇ ಹೋಗತದ.

ಲೆಕ್ಕ ಈ ಕಡೆಯಿಂದ ಹಿಡೀರಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ 8 ಪಟ್ಟಾಗುತ್ತದೆ. ಅದಕ್ಕೇ ಸರಾಸರಿ ನೋಡಬಾರದು, ಗರಿಷ್ಠ ನೋಡಬೇಕು. 500ಕ್ಕೆ ಕಾಲು ಭಾಗ ಸೇರಿಸಿ 625 ವ್ಯಾಟ್ ಅನ್ನೋಣ. 829÷625, ಅಂದರೆ 1.33 ಓಮ್, ಇದಕ್ಕಿಂತ ಹೆಚ್ಚಿರಬಾರದು. 6 ಓಮಿನ ಐದು ವೈರ್‌ವೌಂಡ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಹಾಕಿದರೆ 1.2 ಓಮ್, 24 ಆಂಪಿಯರ್, 691 ವ್ಯಾಟ್. ಒಂದೊಂದರ ಪಾಲು 138. ಹಂಗಂತ 150 ವ್ಯಾಟಿನವು ತರಬ್ಯಾಡ್ರಿ, 300 ವ್ಯಾಟಿನವು ತರ್ರಿ. ಗಾಳಿ ರಾತ್ರಿಯಿಡೀ ಬೀಸತದ. ಓಮ್ ಸಿಕ್ಕಾಪಟ್ಟೆ ಇಳಿಸಿದರೂ ಕಷ್ಟ, ಕಂಟ್ರೋಲರ್ ಸುಡುತ್ತದೆ. ಈ ಲೆಕ್ಕಕ್ಕೆ 40 ಆಂಪಿಯರಿನದು ಇರಲಿ.

ಕಟ್ಟಿಗೆ ಹಲಗೆಗೆ ಇವನ್ನ ಬಿಗೀಬ್ಯಾಡ್ರಿ. ಬ್ಯಾಟರಿ ಪಕ್ಕಾನೂ ಬ್ಯಾಡ: ತುಂಬಿದ ಬ್ಯಾಟರಿ ಹೈಡ್ರೋಜನ್ ಬಿಡೋ ಹೊತ್ತಿಗೇ ರೆಸಿಸ್ಟರ್ ಕೆಂಡದಂಗ ಕಾದಿರತದ.