ಹೈಡ್ರಾದ ತಲೆಯೂ ಜೀವಕೋಶಗಳ ಸಂದೇಶವೂ

ಕೆರೆಕೊಳಗಳ ನಿಂತ ನೀರಿನಲ್ಲಿ ಎಲೆಯ ಅಡಿಗೆ ಅಂಟಿಕೊಂಡು ಬಾಳುವ ಹೈಡ್ರಾ ನೋಡಲು ನೂಲಿನ ತುಣುಕಿನಂತಿರುತ್ತದೆ. ಅದಕ್ಕೆ ಹೃದಯವಿಲ್ಲ, ಮೆದುಳಿಲ್ಲ. ಇರುವುದೊಂದು ಕೊಳವೆ, ಅದರ ತುದಿಗೆ ಬಾಯಿ, ಬಾಯಿಯ ಸುತ್ತ ಕರಬಳ್ಳಿಗಳು. ಇಂಥ ಕ್ಷುದ್ರಜೀವಿಯು ನಮ್ಮ ದೇಹರಚನೆಯ ಗುಟ್ಟನ್ನು ಹೇಳಬಲ್ಲುದೆಂದರೆ ವಾಚಕರಿಗೆ ಅಚ್ಚರಿಯೆನಿಸೀತು.

1740ರ ದಶಕದಲ್ಲಿ ಹಾಲೆಂಡಿನ ಶ್ರೀಮಂತ ಮನೆತನವೊಂದರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜಿನೀವಾದ ಅಬ್ರಹಾಂ ಟ್ರೆಂಬ್ಲೆ ಎಂಬ ಉಪಾಧ್ಯಾಯರು ಹೈಡ್ರಾವನ್ನು ಅಡ್ಡಲಾಗಿ ಕತ್ತರಿಸಿದರು. ಮೇಲಿನ ತುಂಡಿಗೆ ಬುಡವೂ ಕೆಳಗಿನದಕ್ಕೆ ತಲೆಯೂ ಬೆಳೆದು ಎರಡು ಹೈಡ್ರಾಗಳಾದವು. ಇಲ್ಲಿ ತಲೆ, ಇಲ್ಲಿ ಬುಡ ಎಂದು ಕೋಶಗಳಿಗೆ ತಿಳಿಸುವವರಾರು?

ಇದಕ್ಕೆ ದಾರಿ ತೋರಿದವರು ಅಮೆರಿಕದ ಎಥೆಲ್ ಬ್ರೌನ್. 1909ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ, ಒಂದು ಹೈಡ್ರಾದ ಬಾಯಿಯ ಬಳಿಯ ಚೂರನ್ನು ಮತ್ತೊಂದರ ನಡುಮೈಗೆ ಕಸಿ ಮಾಡಿದಾಗ ಅಲ್ಲಿ ಹೊಸ ತಲೆ ಮೂಡಿತು. ಹಸಿರು ಹೈಡ್ರಾ, ಬಣ್ಣ ಕಳೆದ ಹೈಡ್ರಾ ಎರಡನ್ನೂ ಬಳಸಿದ್ದರಿಂದ, ಕಸಿಯ ಚೂರು ತಾನೊಂದೇ ಬೆಳೆದುದಲ್ಲ, ನೆರೆಯ ಕೋಶಗಳನ್ನೂ ತಲೆಯಾಗಲು ಪ್ರೇರಿಸಿತು ಎಂಬುದು ಸ್ಪಷ್ಟವಾಯಿತು. 15 ವರ್ಷಗಳ ತರುವಾಯ ಜರ್ಮನಿಯ ಹಾನ್ಸ್ ಸ್ಪೇಮನ್ ಹಾಗೂ ಹಿಲ್ಡೆ ಮಾಂಗೋಲ್ಡ್ ಇದೇ ತತ್ತ್ವವನ್ನು ಕಪ್ಪೆಯ ಬಂಧುವಾದ ನ್ಯೂಟ್‌ನ ಭ್ರೂಣದಲ್ಲಿ ತೋರಿದರು. 1935ರ ನೊಬೆಲ್ ಪ್ರಶಸ್ತಿ ಸ್ಪೇಮನ್ನರಿಗೆ ಸಂದಿತು. ಬ್ರೌನರ ಹೆಸರು ಬಹುಕಾಲ ಮರೆಯಲ್ಲುಳಿದುದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ.

ಈ ಪ್ರೇರಣೆಯನ್ನು ಹೊತ್ತೊಯ್ಯುವ ವಸ್ತು ಯಾವುದೆಂಬುದರ ಸುಳಿವು ಬೇರೆಡೆಯಿಂದ ಬಂದಿತು. 1970ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್.ಪಿ. ಶರ್ಮಾ, ವಿ.ಎಲ್. ಚೋಪ್ರಾ ಅವರು ಹಣ್ಣುನೊಣವನ್ನು ರೆಕ್ಕೆಗೆಡಿಸುವ ಉತ್ಪರಿವರ್ತನೆಯೊಂದನ್ನು ವರ್ಣಿಸಿದ್ದರು. 1982ರಲ್ಲಿ ರೂಲ್ ನುಸ್ಸೆ, ಹೆರಾಲ್ಡ್ ವಾರ್ಮಸ್ ಅವರು ಇಲಿಯ ಸ್ತನದ ಗೆಡ್ಡೆಗಳಲ್ಲಿ ಒಂದು ಜೀನನ್ನು ಗುರುತಿಸಿದರು. ಎರಡೂ ಒಂದೇ ಮೂಲದವೆಂದು 1987ರಲ್ಲಿ ತಿಳಿಯಿತು; ಮುಂದೆ ಆ ಜೀನು ಕುಟುಂಬಕ್ಕೆ 'ವಿಂಟ್' ಎಂದು ಹೆಸರಾಯಿತು. 2000ರಲ್ಲಿ ಹೈಡ್ರಾದ ತಲೆಯ ತುದಿಯಲ್ಲಿಯೂ ಅದೇ ವಿಂಟ್ ದೊರೆಯಿತು!

ವಿಂಟ್ ಜೀನುಗಳು ಸ್ಪಂಜುಪ್ರಾಣಿಗಳಲ್ಲಿಯೂ ಇವೆ. ಆದರೆ ಪ್ರಾಣಿಗಳ ಹತ್ತಿರದ ದಾಯಾದಿಯಾದ ಕೊಯನೊಫ್ಲಾಜೆಲೇಟ್ ಎಂಬ ಏಕಕೋಶಜೀವಿಯಲ್ಲಿ ಅವು ಕಂಡುಬಂದಿಲ್ಲ. ಆದ್ದರಿಂದ ಬಹುಕೋಶಪ್ರಾಣಿಗಳ ಉದಯಕಾಲದಲ್ಲಿಯೇ ಈ ಸಂದೇಶವೂ ಹುಟ್ಟಿರಬೇಕು. ಆದರೂ ಕೋಶಗಳನ್ನು ಬೆಸೆಯುವ ಕ್ಯಾಡ್‌ಹೆರಿನ್‌ಗಳ ಬಂಧುಗಳು ಆ ಏಕಕೋಶಿಯಲ್ಲಿ ಆಗಲೇ ಇವೆ. ಹೊಸ ಮನೆಗೆ ಹಳೆಯ ಮರಮುಟ್ಟೂ ಒದಗಿದೆ. ಇನ್ನೊಂದು ಸ್ವಾರಸ್ಯವುಂಟು. ವಿಂಟ್‌ನ 12 ಉಪಕುಟುಂಬಗಳಲ್ಲಿ 11 ಕಡಲ ಅನಿಮೋನಿನಲ್ಲಿವೆ. ಹಣ್ಣುನೊಣದಲ್ಲಿರುವ ವಿಂಟ್ ಜೀನುಗಳು ಏಳು ಮಾತ್ರ. ವಿಕಾಸವನ್ನು ಏಣಿಯೆಂದು ಬಗೆಯುವವರು ಇದನ್ನು ಗಮನಿಸಬೇಕು.

ಇದು ಕೇವಲ ಕುತೂಹಲದ ಸಂಗತಿಯಲ್ಲ. ಮನುಷ್ಯರ ದೊಡ್ಡಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಈ ವಿಂಟ್ ಮಾರ್ಗದ ಹತೋಟಿ ತಪ್ಪಿದವು. ಹಾಗೆಂದು ಅದನ್ನು ಔಷಧದಿಂದ ಪೂರ್ಣ ತಡೆಯುವಂತೆಯೂ ಇಲ್ಲ. ಕೆಲವೇ ದಿನಗಳಿಗೊಮ್ಮೆ ಹೊಸದಾಗುವ ಕರುಳಿನ ಒಳಪದರಕ್ಕೆ, ಗಟ್ಟಿಯಾಗಿ ಉಳಿಯಬೇಕಾದ ಎಲುಬಿಗೆ, ಅದೇ ಸಂದೇಶ ಬೇಕು. ವೈದ್ಯವಿಜ್ಞಾನಿಗಳು ಇಂದು ತೊಡಕಿಗೆ ಸಿಕ್ಕಿರುವುದು ಇಲ್ಲಿಯೇ.